ಅಣ್ಣ ಪಾಲು ಮಾಡಿದ, ತಮ್ಮ ಆರಿಸಿಕೊಂಡ

“ಗುರುಗಳೇ, ಅಪ್ಪನ ಆಸ್ತಿಯಲ್ಲಿ ಪೇಟೆಯ ಅಂಗಡಿ ನನ್ನ ಪಾಲಿಗೇ ಬರಬೇಕು. ಆದರೆ ನಾನೇ ಕೇಳಿ ತೆಗೆದುಕೊಂಡೆ ಅನ್ನಿಸಿಕೊಳ್ಳಬಾರದು. ತಮ್ಮ ತಾನಾಗಿಯೇ ಬೇರೆಯದನ್ನು ಆರಿಸಿಕೊಳ್ಳುವ ಹಾಗೆ ಪಾಲು ಮಾಡುವುದು ಹೇಗೆ?” ಎಂದು ಅಡವಯ್ಯ ಕೇಳಿದ.

ಗುರುಗಳು ನಕ್ಕರು. “ಅಬ್ಬಾ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಕೂತುಕೋ. ಇದನ್ನು ನಿನಗಿಂತ ಮೊದಲೇ ಒಬ್ಬ ಮಾಡಿ ನೋಡಿದ್ದಾನೆ. ನಡೆದದ್ದೋ ಕಟ್ಟಿದ್ದೋ ಎಂದು ಕೇಳಬೇಡ, ಕತೆ ಎಂದೇ ಕೇಳು” ಎಂದು ಹೇಳತೊಡಗಿದರು.

ದೂರದ ಪೋಲೆಂಡ್ ದೇಶದಲ್ಲಿ, ಎಂಟುನೂರು ವರ್ಷದ ಹಿಂದೆ, ಡ್ಯೂಕ್ ಎನ್ನುವವರು ಸೀಮೆ ಸೀಮೆ ಆಳುತ್ತಿದ್ದರು. ನಮ್ಮ ಕಡೆಯ ಪಾಳೆಯಗಾರರಿದ್ದ ಹಾಗೆ ಅನ್ನು. ಅಲ್ಲಿ ಡ್ಯೂಕ್ ಸತ್ತರೆ ಅವನ ಸೀಮೆಯನ್ನು ಗಂಡುಮಕ್ಕಳು ಹಂಚಿಕೊಳ್ಳಬೇಕು. ಹಂಚುವುದಕ್ಕೆ ಅವರದೊಂದು ಪದ್ಧತಿ. ಅಣ್ಣ ಪಾಲು ಮಾಡಬೇಕು, ತಮ್ಮ ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡಿದ ದಿನದಿಂದ ಆರಿಸುವ ದಿನದವರೆಗೆ ನಲವತ್ತು ದಿನ. ಅಷ್ಟೂ ದಿನ ಅಣ್ಣತಮ್ಮಂದಿರು ಒಬ್ಬರೊಡನೊಬ್ಬರು ಮಾತಾಡುವ ಹಾಗಿಲ್ಲ. ಅಣ್ಣನಾದವನು ತಮ್ಮನನ್ನು ಹೆದರಿಸಬಾರದು, ಪುಸಲಾಯಿಸಬಾರದು ಎಂದು ಹಿರಿಯರು ಮಾಡಿದ ಕಟ್ಟಳೆ. ಒಳ್ಳೆಯ ಕಟ್ಟಳೆಯೇ.

ಅಂಥ ಒಬ್ಬ ಡ್ಯೂಕ್ ಸತ್ತ. ಅವನಿಗೆ ಇಬ್ಬರು ಮಕ್ಕಳು, ದೊಡ್ಡವನು ಯಾರೋಮಿರ್, ಚಿಕ್ಕವನು ಸುಲಿಸ್ಲಾವ್. ಯಾರೋಮಿರನಿಗೆ ಹೆಂಡತಿ, ನಾಲ್ಕು ಮಕ್ಕಳು. ಸುಲಿಸ್ಲಾವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಯಾರೋಮಿರನಿಗೆ ಬೇಕಾಗಿದ್ದದ್ದು ಒಂದೇ, ಹೊಳೆದಂಡೆಯ ಪುಟ್ಟ ಪಟ್ಟಣ. ಅವನಿಗೆ ಇಪ್ಪತ್ತು ವರ್ಷವಿದ್ದಾಗ ನೆರೆ ಬಂದು ಅಲ್ಲಿಯ ಸೇತುವೆ ಕೊಚ್ಚಿಹೋಗಿತ್ತು. ದೊರೆಯ ಮಗನೆನ್ನದೆ ಅವನು ಊರಿನವರ ಜೊತೆ ಸೊಂಟದವರೆಗಿನ ನೀರಿನಲ್ಲಿ ನಿಂತು ಮರದ ಕಂಬ ನೆಟ್ಟಿದ್ದ. ಅಂದಿನಿಂದ ಆ ಊರಿನ ಬಡಗಿ, ಬೆಸ್ತ, ರೊಟ್ಟಿ ಸುಡುವವಳು, ಎಲ್ಲರೂ ಅವನನ್ನು ಹೆಸರು ಹಿಡಿದು ಕರೆಯುವಷ್ಟು ಬಳಕೆ. ಸೀಮೆಯೆಲ್ಲ ಹೋದರೂ ಹೋಗಲಿ, ಆ ಊರೊಂದು ತನಗಿರಲಿ ಎನ್ನುವುದೇ ಅವನ ಆಸೆ. ಪಾಪ, ಆಸೆಯಲ್ಲಿ ತಪ್ಪೇನಿದೆ? ಕೆಟ್ಟವನಲ್ಲ ಅವನು.

ಆದರೆ ಬಾಯಿಬಿಟ್ಟು ಹೇಳಲು ಅವನಿಗೆ ಅಭಿಮಾನ ಅಡ್ಡ ಬಂತು. ಪಾಲು ಮಾಡುವ ಮೊದಲು ‘ತಮ್ಮಾ, ಇದು ನನಗಿರಲಿ’ ಎಂದಿದ್ದರೆ ಯಾವ ಕಟ್ಟಳೆಯೂ ತಡೆಯುತ್ತಿರಲಿಲ್ಲ. ಹಿರಿಯನಾಗಿ ಕಿರಿಯನ ಮುಂದೆ ಕೈಚಾಚುವುದೇ ಎಂದುಕೊಂಡ. ಕೇಳುವುದಕ್ಕಿಂತ ಉಪಾಯ ಮಾಡುವುದು ಅವನಿಗೆ ಸುಲಭವಾಗಿ ಕಂಡಿತು.

ತಮ್ಮನಿಗೆ ಕಾಡು ಎಂದರೆ ಪ್ರಾಣ. ಬೇಟೆಯ ನಾಯಿಗಳ ಹಿಂದೆ ಹೋದರೆ ಮೂರು ದಿನ ಮನೆಯ ನೆನಪಿರುತ್ತಿರಲಿಲ್ಲ. ಹಾಗಾಗಿ ಯಾರೋಮಿರ್ ಕಾಡನ್ನೆಲ್ಲ ಒಂದು ಪಾಲಿಗೆ ಹಾಕಿದ. ಸಾಲದೇನೋ ಅನ್ನಿಸಿತು. ಜೇನಿನ ತೋಪುಗಳನ್ನು ಸೇರಿಸಿದ. ಆಗಲೂ ಸಾಲದೇನೋ ಅನ್ನಿಸಿತು. ಉಪ್ಪಿನ ಬುಗ್ಗೆಗಳನ್ನೂ ಮೀನಿನ ಕೆರೆಗಳನ್ನೂ ಕುದುರೆಯ ಹುಲ್ಲುಗಾವಲನ್ನೂ ಕಲ್ಲಿನ ಕೋಟೆಯನ್ನೂ ಅದಕ್ಕೇ ಸುರಿದ. ಇನ್ನೊಂದು ಪಾಲಿನಲ್ಲಿ ಉಳಿದದ್ದು ಹೊಳೆದಂಡೆಯ ಪಟ್ಟಣ, ಅದರ ಸುತ್ತಿನ ಜೌಗುನೆಲ, ಅಷ್ಟೇ. ಇಷ್ಟಾದ ಮೇಲೆ ಕಣ್ಣು ಕುರುಡಾಗಿದ್ದವನೂ ದೊಡ್ಡ ಪಾಲನ್ನೇ ಹಿಡಿಯುತ್ತಾನೆ ಎಂದು ಅವನಿಗೆ ನೆಮ್ಮದಿಯಾಯಿತು.

ನಲವತ್ತು ದಿನ ಅಣ್ಣತಮ್ಮಂದಿರು ಮಾತಿಲ್ಲದೆ ಕಳೆದರು. ಆ ದಿನಗಳಲ್ಲಿ ಯಾರೋಮಿರ್ ಸೇತುವೆಗೆ ಹೊಸ ಹಲಗೆ ಹಾಕಿಸಲು ಬಡಗಿಗಳಿಗೆ ಮರ ಕಡಿಯಲು ಹೇಳಿಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ!

ಆರಿಸುವ ದಿನ ಬಂತು. ಬಿಷಪ್ಪರು ಮುಂದೆ ಕೂತರು, ಸರದಾರರು ಸುತ್ತ ನಿಂತರು. ಮೇಜಿನ ಮೇಲೆ ಎರಡು ಮಣ್ಣಿನ ಹೆಂಟೆ ಇಟ್ಟಿದ್ದರು, ಒಂದೊಂದು ಪಾಲಿನಿಂದ ಒಂದೊಂದು. ತಮ್ಮನಾದವನು ಯಾವ ಹೆಂಟೆಯನ್ನು ಎತ್ತಿಕೊಳ್ಳುತ್ತಾನೋ ಆ ಪಾಲು ಅವನದು. ಎತ್ತಿದ ಮೇಲೆ ದೇವರ ಮೇಲೆ ಆಣೆ, ಬದಲಾಯಿಸುವಂತಿಲ್ಲ.

ಸುಲಿಸ್ಲಾವ್ ಮೇಜಿನ ಹತ್ತಿರ ಬಂದ. ಎರಡನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಜೌಗುನೆಲದ ಕಪ್ಪು ಹೆಂಟೆಯನ್ನು ಎತ್ತಿಕೊಂಡ. ಎತ್ತಿಕೊಂಡು ಅಣ್ಣನ ಕಡೆ ತಿರುಗಿ ನಕ್ಕ.

ಯಾರೋಮಿರ್ ಆ ನಗುವನ್ನೇ ನೋಡಿದ. ತನ್ನ ಮನಸ್ಸಿನೊಳಗಿದ್ದದ್ದು ಇವನಿಗೆ ಗೊತ್ತಾಗಿಬಿಟ್ಟಿದೆ, ಗೊತ್ತಾಗಿಯೇ ಕಿತ್ತುಕೊಂಡಿದ್ದಾನೆ, ಮೇಲೆ ಹಲ್ಲು ಬೇರೆ ಕಿರಿಯುತ್ತಿದ್ದಾನೆ ಎಂದುಕೊಂಡ. ತಾನು ಕಳ್ಳ, ಪರರ ನಂಬ. ತಾನು ಉಪಾಯ ಮಾಡಿದವನಿಗೆ ಎದುರಿನವನ ನಗುವೂ ಉಪಾಯವಾಗಿಯೇ ಕಾಣುತ್ತದೆ ನೋಡು.

ಸರದಾರರೆಲ್ಲ ಯಾರೋಮಿರನ ಭಾಗ್ಯವನ್ನು ಹೊಗಳಿದರು. ಅವನು ಕುದುರೆ ಹತ್ತಿ ಕಲ್ಲಿನ ಕೋಟೆಗೆ ಹೊರಟುಹೋದ. ಕಟ್ಟಳೆಯ ನಲವತ್ತು ದಿನ ಅಂದಿಗೆ ಮುಗಿದಿತ್ತು. ಇವನು ಮಾತ್ರ ಹನ್ನೊಂದು ವರ್ಷ ತಮ್ಮನೊಡನೆ ಮಾತಾಡಲಿಲ್ಲ. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಸುಲಿಸ್ಲಾವನ ಆಳು ಬರುತ್ತಿದ್ದ, ‘ಅಣ್ಣ ಒಮ್ಮೆ ಬಂದು ಹೋಗಬೇಕಂತೆ’ ಎನ್ನುತ್ತಿದ್ದ. ಪ್ರತಿವರ್ಷವೂ ಅವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಜೇನು, ಉಪ್ಪು, ಕುದುರೆ ಎಲ್ಲ ಇದ್ದೂ ಯಾರೋಮಿರನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಹನ್ನೆರಡನೆಯ ವರ್ಷ ಆಳು ಬಂದು ಬೇರೆ ಮಾತು ಹೇಳಿದ. ಸುಲಿಸ್ಲಾವ್ ತೀರಿಕೊಂಡಿದ್ದ. ಅವನಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದೆ ಸತ್ತವನ ಸೀಮೆ ಅಣ್ಣನಿಗೆ ಸೇರಬೇಕು ಎನ್ನುವುದೂ ಅಲ್ಲಿಯ ಪದ್ಧತಿ. ಹಾಗೆ ಹೊಳೆದಂಡೆಯ ಪಟ್ಟಣ ಯಾರೋಮಿರನ ಕೈಗೆ ಬಂತು.

ಅವನು ಹೋದ. ಬಡಗಿಗಳು, ಬೆಸ್ತರು ಬೀದಿಯಲ್ಲಿ ನಿಂತು ಅವನ ಹೆಸರು ಕೂಗಿದರು. ಅರಮನೆಯ ಪಡಸಾಲೆಯಲ್ಲಿ ತಮ್ಮನ ಹೆಂಡತಿ ಕರಿಯ ಬಟ್ಟೆ ಉಟ್ಟು ನಿಂತಿದ್ದಳು. ಯಾರೋಮಿರ್ ಸಮಾಧಾನದ ಮಾತು ಹೇಳಬೇಕೆಂದುಕೊಂಡ. ಬಾಯಿಗೆ ಬಂದದ್ದು ಹನ್ನೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು.

“ಅಷ್ಟು ದೊಡ್ಡ ಪಾಲನ್ನು ಬಿಟ್ಟು ಅವನು ಇದನ್ನೇ ಯಾಕೆ ಆರಿಸಿಕೊಂಡ, ತಾಯಿ?”

ಆಕೆ ಅವನನ್ನು ಬೆರಗಿನಿಂದ ನೋಡಿದಳು. “ನಿಮಗೆ ಗೊತ್ತಿಲ್ಲವೇ, ಭಾವನವರೇ? ಅವರು ಅಂದು ‘ಅಣ್ಣನಿಗೆ ನಾಲ್ಕು ಮಕ್ಕಳು, ಇರುವ ಒಳ್ಳೆಯದನ್ನೆಲ್ಲ ಆಸೆಯಿಂದ ಒಂದೇ ಕಡೆ ಕೂಡಿಸಿದ್ದಾನೆ, ಬಾಯಿಬಿಟ್ಟು ಕೇಳುವ ಹಾಗಿಲ್ಲ, ನಾನು ಬಿಟ್ಟುಕೊಡುತ್ತೇನೆ ಎಂದು ನಂಬಿದ್ದಾನೆ’ ಎಂದರು. ಈ ಜೌಗಿನ ಗಾಳಿ ಅವರ ಎದೆಗೆ ಆಗುತ್ತಿರಲಿಲ್ಲ. ಪ್ರತಿ ಚಳಿಗಾಲವೂ ಕೆಮ್ಮಿ ಕೆಮ್ಮಿ ಸೊರಗಿದರು. ಕಾಡಿನ ಕಡೆ ಹೋಗಿ ಇದ್ದುಬಿಡೋಣ, ಅಣ್ಣನನ್ನು ಕೇಳಿ ಎಂದು ನಾನೇ ಎಷ್ಟೋ ಸಲ ಹೇಳಿದೆ. ಬಿಟ್ಟುಕೊಟ್ಟದ್ದನ್ನು ತಿರುಗಿ ಕೇಳುವುದು ಹೇಗೆ ಎನ್ನುತ್ತಿದ್ದರು.”

“ನನ್ನನ್ನು ಕರೆದು ಒಂದು ಮಾತು ಆಡಬಾರದಿತ್ತೇ!”

“ಹನ್ನೊಂದು ಸಲ ಕರೆದರು, ಭಾವನವರೇ” ಎಂದಳು ಆಕೆ.

ಯಾರೋಮಿರ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಸರದಾರರು ನೋಡುತ್ತಿದ್ದಾರೆ ಎನ್ನುವ ನಾಚಿಕೆಯೂ ಇಲ್ಲದೆ ಗೊಳೋ ಎಂದು ಅತ್ತ. ಹೊರಗೆ ಊರಿನವರು ಇನ್ನೂ ಅವನ ಹೆಸರು ಕೂಗುತ್ತಲೇ ಇದ್ದರು.

ಗುರುಗಳು ಕತೆ ನಿಲ್ಲಿಸಿ ಒಂದು ಗುಟುಕು ನೀರು ಕುಡಿದರು.

ಅಡವಯ್ಯ ತಲೆ ಕೆರೆದುಕೊಂಡು, “ಅಂತೂ ಕೊನೆಗೆ ಆ ಊರು ಅವನಿಗೇ ಸಿಕ್ಕಿತಲ್ಲ, ಗುರುಗಳೇ?” ಎಂದ.

“ಸಿಕ್ಕಿತಪ್ಪ, ಸಿಕ್ಕಿತು. ಅದಿರಲಿ, ಇವತ್ತು ನೀನು ಇಲ್ಲಿಗೆ ಬಂದದ್ದು ನಿನ್ನ ತಮ್ಮನ ಮನೆಯ ಮುಂದೆ ಹಾದುಕೊಂಡೇ ಅಲ್ಲವೇ?”