ಇನ್ನಾಸಿ ಸುಖ ಕಲಿತದ್ದು

ಇದು ನಡೆದದ್ದು ಎರಡು ಸಾವಿರದ ಹದಿನೆಂಟನೆಯ ಇಸವಿಯಲ್ಲಿ, ಈಸ್ಟರಿನ ಪಾಸ್ಖ ಹಬ್ಬ ಕಳೆದು ಮಳೆ ಹಿಡಿಯುವ ಮುಂಚೆ.

ಆರೋಗ್ಯಮ್ಮನಿಗೆ ಒಬ್ಬನೇ ಮಗ, ಇನ್ನಾಸಿ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆಯುವುದನ್ನು ಮರೆತಿತ್ತು. ಕೂರು ಎಂದರೆ ಏಳು ಎನ್ನುವವರೆಗೂ ಕೂತಿರುವನು. ಅಂಗಡಿಗೆ ಹೋಗಿ ಬಾ ಎಂದರೆ ಹೋಗಿ ಬರುವನು; ಏನನ್ನೂ ತರನು.

ತಾಯಿ ಚರ್ಚಿನ ಬಟ್ಟೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವವಳು. ಅವಳು ಗಂಜಿ ಹಾಕಿದ ಬಟ್ಟೆ ನೆಟ್ಟಗೆ ನಿಲ್ಲುತ್ತಿತ್ತು. ಅವಳೂ ಹಾಗೆಯೇ ನಿಲ್ಲುತ್ತಿದ್ದಳು.

ಒಂದು ದಿನ ತೀರಿಹೋದ ಗಂಡನ ಅಣ್ಣ ಚೌರಪ್ಪ ಬಂದು ಜಗಲಿಯ ಮೇಲೆ ಕೂತ.

"ನೋಡು ಆರೋಗ್ಯಮ್ಮ, ನೀನು ಕಣ್ಮುಚ್ಚಿದ ಮೇಲೆ ಇವನ ಗತಿ ಏನು? ಪಟ್ಟಣದಾಚೆ ಒಂದು ಆಶ್ರಮ ಇದೆ. ಇಂಥವರನ್ನ ಇಟ್ಕೋತಾರೆ. ಬಿಟ್ಟು ಬರೋಣ."

"ಇಂಥವರು ಅಂದ್ರೆ ಎಂಥವರು, ಭಾವ?"

"ಪೆದ್ದರು ಕಣಮ್ಮ."

"ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಮಗ ಈ ಊರಲ್ಲಿ ಇನ್ಯಾರಿಗಿದ್ದಾನೆ? ತೋರಿಸಿ ನೋಡೋಣ!"

ಚೌರಪ್ಪನಿಗೆ ನಾಲ್ವರು ಗಂಡುಮಕ್ಕಳು. ಅವನು ಜಗಲಿಯ ಕೆಳಗೆ ಚಪ್ಪಲಿ ಹುಡುಕಿದ.

ಆ ದಿನಗಳಲ್ಲಿ ಚರ್ಚಿನ ಸಭಾಂಗಣಕ್ಕೆ ಶನಿವಾರ ಶನಿವಾರ ಡಾಕ್ಟರ್ ಮಂದಾಕಿನಿ ಬರುತ್ತಿದ್ದರು. ಮನಸ್ಸಿನ ಶಾಸ್ತ್ರ ಓದಿದವರು. ಸುಖವಾಗಿ ಬಾಳುವುದು ಹೇಗೆಂದು ಊರವರಿಗೆ ಪಾಠ ಹೇಳುತ್ತಿದ್ದರು. ಕೊನೆಗೆ ಭಾವನೂ ನಾದಿನಿಯೂ ಒಂದು ಮಾತಿಗೆ ಬಂದರು: ಇನ್ನಾಸಿ ಆ ಪಾಠಕ್ಕೆ ಹೋಗಲಿ. ಅವನು ನಾಲ್ಕು ಜನರ ನಡುವೆ ಬಾಳಬಲ್ಲ ಎಂದು ಡಾಕ್ಟರಮ್ಮ ಹೇಳಿದರೆ ಮನೆಯಲ್ಲೇ ಇರಲಿ. ಇಲ್ಲವೆಂದರೆ ಆಶ್ರಮದ ಗಾಡಿ ಬರಲಿ.

ಆರೋಗ್ಯಮ್ಮ ಮಗನ ತಲೆಗೆ ಎಣ್ಣೆ ಹಚ್ಚಿದಳು, ಅಂಗಿಗೆ ಗಂಜಿ ಹಾಕಿದಳು, ಕಳುಹಿಸಿದಳು.

"ಯಾರನ್ನು ಕಂಡರೂ ಬಾಯ್ತುಂಬ ನಗು, ಇನ್ನಾಸಿ," ಎಂದರು ಡಾಕ್ಟರಮ್ಮ. "ನಕ್ಕರೆ ಮನಸ್ಸು ಹಗುರಾಗುತ್ತದೆ."

ಇನ್ನಾಸಿ ತಲೆಯಾಡಿಸಿದ.

ಮರುದಿನ ರಾಯಪ್ಪಜ್ಜ ತೀರಿಕೊಂಡ. ಮನೆಯ ತುಂಬ ಜನ, ಜಪಮಾಲೆ, ಅಳು. ಇನ್ನಾಸಿ ಹೊಸ್ತಿಲಲ್ಲಿ ನಿಂತು ನಕ್ಕ. ವಿಧವೆಯನ್ನು ನೋಡಿ ನಕ್ಕ. ಪಾದ್ರಿ ಸ್ವಾಮಿಯವರನ್ನು ನೋಡಿ ನಕ್ಕ. ಶವದ ಪೆಟ್ಟಿಗೆಯೊಳಗೆ ಬಗ್ಗಿ ಅಜ್ಜನನ್ನು ನೋಡಿಯೂ ಹಲ್ಲೆಲ್ಲ ಕಾಣುವಂತೆ ನಕ್ಕ.

"ಏನೋ ಅದು ನಗು! ನಮ್ಮಪ್ಪ ಸತ್ತದ್ದು ನಿನಗೆ ಹಬ್ಬವೇನೋ!" ಎಂದು ಅಜ್ಜನ ಮಕ್ಕಳು ಕುತ್ತಿಗೆ ಹಿಡಿದು ದಬ್ಬಿದರು.

ತಾಯಿ ಬೈದಳು. "ಲೇ ಮಂಕೇ! ಅಳೋರ ಮುಂದೆ ನಗ್ತಾರೇನೋ?"

ಶನಿವಾರ ಡಾಕ್ಟರಮ್ಮನೂ ಬೈದರು. "ಜನ ಸೇರಿದ ಕಡೆ ಅವರ ನೋವು ನೋಡಬೇಕು. ಕೈ ಹಿಡಿದು, 'ನಿಮ್ಮ ನೋವು ನನಗೆ ಅರ್ಥವಾಗುತ್ತೆ, ಅತ್ತುಬಿಡಿ' ಎನ್ನಬೇಕು."

ಇನ್ನಾಸಿ ತಲೆಯಾಡಿಸಿದ.

ಮುಂದೆ ಜನ ಸೇರಿದ್ದು ಚಿನ್ನಪ್ಪನ ಮದುವೆಗೆ. ವಾಲಗ ಊದುತ್ತಿತ್ತು. ಇನ್ನಾಸಿ ನೇರವಾಗಿ ಹೋದ, ಮದುಮಗನ ಎರಡೂ ಕೈ ಹಿಡಿದ.

"ಚಿನ್ನಪ್ಪಣ್ಣ, ನಿಮ್ಮ ನೋವು ನನಗೆ ಅರ್ಥವಾಗುತ್ತೆ. ಅತ್ತುಬಿಡಿ."

ಮದುಮಗನನ್ನು ಬೆಳಗಿನಿಂದ ಯಾರೂ ಇಷ್ಟು ಅಕ್ಕರೆಯಿಂದ ಮಾತನಾಡಿಸಿರಲಿಲ್ಲ. ಅವನು ಗೊಳೋ ಎಂದು ಅತ್ತುಬಿಟ್ಟ. ವಾಲಗ ನಿಂತಿತು. ಹೆಣ್ಣಿನ ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

"ನನ್ನ ಮಗಳನ್ನ ಕಟ್ಟಿಕೊಳ್ಳೋದು ಅಂಥಾ ನೋವೇನಪ್ಪ ನಿನಗೆ? ಹೇಳು, ಎಲ್ಲರೂ ಕೇಳಲಿ!"

ತಾಯಿ ಬೈದಳು. "ಅಯ್ಯೋ ನನ್ನ ಕರ್ಮವೇ! ಒಳ್ಳೇದು ನಡೆಯೋ ಕಡೆ ಅಳಿಸ್ತಾರೇನೋ?"

ಡಾಕ್ಟರಮ್ಮ ಹಣೆ ಒತ್ತಿಕೊಂಡು ಹೊಸ ಬುದ್ಧಿ ಹೇಳಿದರು. "ಕಣ್ಣೆದುರು ಏನು ನಡೆದರೂ ಅದಕ್ಕೆ ಉಪಕಾರ ನೆನೆ, ಇನ್ನಾಸಿ. ಕೈ ಮುಗಿದು, 'ದೇವರಿಗೆ ಕೃತಜ್ಞತೆ ಸಲ್ಲಲಿ, ಇಂಥದ್ದು ದಿನವೂ ನಡೆಯಲಿ' ಎನ್ನು."

ಇನ್ನಾಸಿ ತಲೆಯಾಡಿಸಿದ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದಿತ್ತು. ದೊಡ್ಡಪ್ಪ ಚೌರಪ್ಪ ಬಿಳಿ ಪಂಚೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ, ಮೋರಿ ದಾಟುತ್ತಿದ್ದ. ಚಪ್ಪಲಿ ಜಾರಿತು. ಚೌರಪ್ಪ ಸೊಂಟದವರೆಗೆ ಮೋರಿಯಲ್ಲಿ ನಿಂತ.

"ಇನ್ನಾಸೀ! ಕೈ ಕೊಡೋ!"

ಇನ್ನಾಸಿ ಕೈ ಮುಗಿದ. ಗಟ್ಟಿಯಾಗಿ ಹೇಳಿದ. "ದೇವರಿಗೆ ಕೃತಜ್ಞತೆ ಸಲ್ಲಲಿ! ಇಂಥದ್ದು ದಿನವೂ ನಡೆಯಲಿ!"

ಪೂಜೆಯಿಂದ ಹೊರಗೆ ಬರುತ್ತಿದ್ದ ಜನ, ರೂಢಿಯಂತೆ, "ಆಮೆನ್" ಎಂದರು.

ಆರೋಗ್ಯಮ್ಮ ಮುಸುಕು ಎಳೆದುಕೊಂಡಳು. ನಕ್ಕದ್ದು ಯಾರಿಗೂ ಕಾಣಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಬೈಯುವಷ್ಟೂ ಬೈದಳು.

"ಸಾಕು!" ಎಂದ ಚೌರಪ್ಪ, ಪಂಚೆ ಹಿಂಡುತ್ತ. "ಮುಂದಿನ ಶನಿವಾರ ಆಶ್ರಮದ ಗಾಡಿ ಕರೆಸ್ತೀನಿ. ಡಾಕ್ಟರಮ್ಮ ಎಲ್ಲರೆದುರಿಗೆ ಪರೀಕ್ಷೆ ಮಾಡಲಿ. ಅಲ್ಲಿಗೆ ತೀರ್ಮಾನ."

ಡಾಕ್ಟರಮ್ಮ ಮನೆಗೇ ಬಂದು ಮೆಲ್ಲಗೆ ಹೇಳಿದರು. "ಕಷ್ಟ ಕಂಡರೆ ಗಾಬರಿಯಾಗಬೇಡ, ಏನೂ ಮಾತಾಡಬೇಡ. ಸುಮ್ಮನೆ ಕೂತು ಉಸಿರನ್ನು ಗಮನಿಸು. ಬಂದದ್ದನ್ನು ನೋಡು, ಅದರ ಪಾಡಿಗೆ ಅದು ಹೋಗುತ್ತದೆ."

ಇನ್ನಾಸಿ ತಲೆಯಾಡಿಸಿದ.

ಆ ವಾರ ಬಿಷಪ್ ಸ್ವಾಮಿಗಳು ಬರುವವರಿದ್ದರು. ಅವರು ತೊಡುವ ಬಿಳಿ ನಿಲುವಂಗಿ ಆರೋಗ್ಯಮ್ಮನ ಮೇಜಿನ ಮೇಲಿತ್ತು. ಬಾಗಿಲಲ್ಲಿ ಯಾರೋ ಕೂಗಿದರೆಂದು ಇದ್ದಿಲ ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಅಂಚಿನಲ್ಲಿಟ್ಟು, "ನೋಡ್ತಾ ಇರು, ಬಂದೆ," ಎಂದು ಹೋದಳು. ಪೆಟ್ಟಿಗೆ ಜರುಗಿ ಬೆನ್ನಿನ ಭಾಗಕ್ಕೆ ಬಂತು. ಹೊಗೆ ಎದ್ದಿತು. ಇನ್ನಾಸಿ ಚಕ್ಕಳಮಕ್ಕಳ ಹಾಕಿ ಕೂತ. ಉಸಿರು ಎಳೆದ, ಬಿಟ್ಟ.

ತಾಯಿ ಓಡಿ ಬಂದಳು. "ಹೊಗೆ ಬರ್ತಿದೆಯಲ್ಲೋ!"

"ಬಂತಮ್ಮ. ನೋಡಿದೆ. ಅದರ ಪಾಡಿಗೆ ಅದು ಕಿಟಕಿಯಲ್ಲಿ ಹೋಯಿತು."

ನಿಲುವಂಗಿಯ ಬೆನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರಕ್ಕೆ ಸರಿಯಾಗಿ ತೂತು ಬಿದ್ದಿತ್ತು. ಅವಳ ಕೈಗೆ ಬಂದ ಬಟ್ಟೆ ಕೆಟ್ಟದ್ದು ಅದೇ ಮೊದಲು. ಆರೋಗ್ಯಮ್ಮ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದಳು, ನೆಟ್ಟಗೆ ನಿಂತಳು, ಬೈದಳು.

"ಕೂತು ನೋಡೋ ವಿದ್ಯೆ ಇವತ್ತಿಗೆ ಸಾಕು! ಇನ್ನು ಮೇಲೆ ದೊಡ್ಡೋರು ಬಾಯಿ ತೆರೆದರೆ ತಕ್ಷಣ ಎದ್ದು ಹೋಗಿ ಕೆಲಸ ಮುಗಿಸು! ತಿಳೀತಾ?"

ಇನ್ನಾಸಿ ತಲೆಯಾಡಿಸಿದ.

ಅವಳು ರಾತ್ರಿಯೆಲ್ಲ ಕೂತು ಆ ತೂತನ್ನು ಎಳೆ ಎಳೆಯಾಗಿ ಹೆಣೆದಳು. ಬಿಷಪ್ ಸ್ವಾಮಿಗಳು ಅದನ್ನು ತೊಟ್ಟು ಪೂಜೆ ಮಾಡಿ ಹೋದರು. ಯಾರ ಕಣ್ಣಿಗೂ ಬೀಳಲಿಲ್ಲ.

ಶನಿವಾರ ಬಂತು. ಸಭಾಂಗಣದ ಮುಂದೆ ಗಾಡಿಯೂ ಬಂತು. ಊರವರು ಅಂಗಳದಲ್ಲಿ ಕೂತರು. ಡಾಕ್ಟರಮ್ಮ ಪರೀಕ್ಷೆ ಆರಂಭಿಸಿದರು.

"ಒಂದು ಏಣಿ ಇದೆ ಅಂದುಕೋ, ಇನ್ನಾಸಿ. ಅದಕ್ಕೆ ಹತ್ತು ಮೆಟ್ಟಿಲು. ತುದಿಯಲ್ಲಿ ಎಲ್ಲಕ್ಕಿಂತ ಸುಖದ ಬಾಳು. ಬುಡದಲ್ಲಿ ಎಲ್ಲಕ್ಕಿಂತ ಕಷ್ಟದ ಬಾಳು. ನೀನು ಯಾವ ಮೆಟ್ಟಿಲಲ್ಲಿ—"

ಇನ್ನಾಸಿ ಎದ್ದು ಹೋಗಿಬಿಟ್ಟ.

"ನೋಡಿದಿರಾ!" ಎಂದ ಚೌರಪ್ಪ. "ಪರೀಕ್ಷೆ ಮುಗೀತು. ಹಿಡಿದು ಗಾಡಿ ಹತ್ತಿಸಿ!"

ಆರೋಗ್ಯಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಳು.

ಇನ್ನಾಸಿ ಬಂದ. ಹೆಗಲ ಮೇಲೆ ಚರ್ಚಿನ ಏಣಿ. ಹತ್ತೇ ಮೆಟ್ಟಿಲು. ಉಳಿದವನ್ನು ಗರಗಸದಿಂದ ಕೊಯ್ದು ಬಂದಿದ್ದ. ಹಿಂದೆ ಗಂಟೆ ಹೊಡೆಯುವ ಅರುಳಪ್ಪ ಬಾಯಿ ಬಡಿದುಕೊಳ್ಳುತ್ತ ಓಡಿ ಬರುತ್ತಿದ್ದ. ಇನ್ನಾಸಿ ಏಣಿಯನ್ನು ಸಭಾಂಗಣದ ಗೋಡೆಗೆ ಒರಗಿಸಿದ, ಬುಡವನ್ನು ಎರಡೂ ಕೈಯಲ್ಲಿ ಹಿಡಿದ.

"ಅಮ್ಮ, ಹತ್ತು. ಸುಖ ತುದಿಯಲ್ಲಿದೆಯಂತೆ."

"ಹತ್ತಬೇಡ ಆರೋಗ್ಯಮ್ಮ!" ಎಂದ ಚೌರಪ್ಪ. "ಈ ಪೆದ್ದ ಕೈ ಬಿಟ್ಟರೆ ಸೊಂಟ ಮುರಿಯುತ್ತೆ!"

"ಹಿಡಿದಿರೋನು ನನ್ನ ಮಗ, ಭಾವ," ಎಂದಳು ಆರೋಗ್ಯಮ್ಮ.

ನೆರಿಗೆ ಎತ್ತಿ ಕಟ್ಟಿದಳು. ಹತ್ತಿದಳು. ಒಂದು ಮೆಟ್ಟಿಲಲ್ಲೂ ಕೆಳಗೆ ನೋಡಲಿಲ್ಲ. ಏಣಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಹತ್ತನೆಯ ಮೆಟ್ಟಿಲಿನಿಂದ ತಾರಸಿಗೆ ಕಾಲಿಟ್ಟಳು, ನೆಟ್ಟಗೆ ನಿಂತಳು, ಇಡೀ ಊರನ್ನು ಒಂದು ಸುತ್ತು ನೋಡಿದಳು.

ಡಾಕ್ಟರಮ್ಮ ಕೇಳಿದರು. "ಮತ್ತೆ ನೀನು, ಇನ್ನಾಸಿ? ನೀನು ಯಾವ ಮೆಟ್ಟಿಲು ಹತ್ತುತ್ತೀಯ?"

"ನಾನು ಹತ್ತಿದರೆ ಏಣಿ ಯಾರು ಹಿಡ್ಕೋತಾರೆ ಡಾಕ್ಟರಮ್ಮ?"

ಚೌರಪ್ಪ ಮುಂದೆ ಬಂದ. "ಅಂದ್ರೆ ಇವನು ಬುಡದಲ್ಲೇ! ಸೊನ್ನೆ! ಹೌದೋ ಅಲ್ಲವೋ?"

"ಹೌದು, ಸೊನ್ನೆ," ಎಂದರು ಡಾಕ್ಟರಮ್ಮ. ಏಣಿ ಹಿಡಿದ ಆ ಎರಡು ಕೈಗಳನ್ನೇ ನೋಡಿದರು. "ಇವನು ನಾಲ್ಕು ಜನರ ನಡುವೆ ಬಾಳಬಲ್ಲ, ಊರಲ್ಲೇ ಇರಲಿ. ಗಾಡಿಯನ್ನು ವಾಪಸು ಕಳುಹಿಸಿ, ಚೌರಪ್ಪನವರೇ."

ಅಂಗಳದಲ್ಲಿ ಚಪ್ಪಾಳೆ ಬಿತ್ತು. ಗಾಡಿ ಹೋಯಿತು. ಆರೋಗ್ಯಮ್ಮ ಮೇಲಿನಿಂದ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಮಗ!" ಎಂದಳು.

ಅಷ್ಟರಲ್ಲಿ ಅರುಳಪ್ಪನ ತಾಳ್ಮೆ ಮುಗಿದಿತ್ತು. "ಸಾಕೋ ನಿನ್ನ ಪರೀಕ್ಷೆ! ಏಣಿ ಎಲ್ಲಿತ್ತೋ ಅಲ್ಲೇ ಇಟ್ಟು ಬಾ!"

ಇನ್ನಾಸಿ ತಲೆಯಾಡಿಸಿದ. ತಕ್ಷಣ ಏಣಿಯನ್ನು ಹೆಗಲಿಗೇರಿಸಿ ಹೊರಟುಹೋದ.

ಆ ಹೊತ್ತಿನಲ್ಲಿ ಅಲ್ಲಿದ್ದವರು: ಅಂಗಳದಲ್ಲಿ ಡಾಕ್ಟರ್ ಮಂದಾಕಿನಿ, ಚೌರಪ್ಪ, ಗಂಟೆಯ ಅರುಳಪ್ಪ, ಚಿನ್ನಪ್ಪ, ಅವನ ಹೆಂಡತಿ, ಅವನ ಅತ್ತೆ; ತಾರಸಿಯ ಮೇಲೆ, ಇಳಿಯಲು ಏಣಿಯಿಲ್ಲದೆ, ಆರೋಗ್ಯಮ್ಮ.