ನಿಂತವಳ ಚಿತ್ರ

"ಗುರುಗಳೇ, ಒಬ್ಬರ ಕಷ್ಟವನ್ನು ಲೋಕಕ್ಕೆ ತೋರಿಸಿಕೊಟ್ಟರೆ ಅವರಿಗೆ ನೆರವಾದಂತೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿಯಿದ್ದ. ಅವನ ಕಾಲೇಜಿನಲ್ಲಿ ಮಾನವ ಹಕ್ಕುಗಳ ಕುರಿತು ಕಿರುಚಿತ್ರ ಸ್ಪರ್ಧೆ ಏರ್ಪಟ್ಟಿತ್ತು. ಏನು ತೆಗೆಯಲಿ ಎಂದು ಬಹಳ ಯೋಚಿಸಿದ. ಅಕ್ಕನ ಮದುವೆಗೆ ಜವಳಿ ತರಲು ಹೋದಾಗ ಅಂಗಡಿಯಲ್ಲಿ ನೀಲವ್ವ ಎಂಬಾಕೆಯನ್ನು ಕಂಡಿದ್ದ. ಸೀರೆ ಬಿಡಿಸಿ ತೋರಿಸುವುದು ಅವಳ ಕೆಲಸ. ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಬಾಗಿಲು ಹಾಕುವವರೆಗೆ ಅವಳು ಕೂರುವಂತಿರಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲೂ ನಿಂತೇ ಇರಬೇಕು. ಗೋಡೆಗೆ ಒರಗಿದರೂ ಮಾಲೀಕ ಗದರುತ್ತಿದ್ದ. ಊದಿಕೊಂಡಿದ್ದ ಅವಳ ಪಾದಗಳು ವಿದ್ಯಾರ್ಥಿಯ ಮನಸ್ಸಿನಿಂದ ಹೋಗಿರಲಿಲ್ಲ. ಇದನ್ನೇ ತೆಗೆಯುತ್ತೇನೆ ಎಂದು ನಿರ್ಧರಿಸಿದ.

ಕೆಲಸ ಹೋದೀತೆಂದು ನೀಲವ್ವ ಮೊದಲು ಹೆದರಿದಳು. ಆಮೇಲೆ, "ಮುಂದ ಬರೋ ಹುಡುಗ್ಯಾರಿಗಾದ್ರೂ ಒಳ್ಳೇದಾಗ್ಲಿ ಬಿಡ್ರಿ" ಎಂದು ಒಪ್ಪಿದಳು.

ಅಂಗಡಿಯೊಳಗೆ ಚಿತ್ರ ತೆಗೆಯಲು ಬಿಡುವವರು ಯಾರು? ವಿದ್ಯಾರ್ಥಿ ಕಾಲೇಜಿನ ಒಂದು ಕೋಣೆಯಲ್ಲೇ ಮನೆಮನೆಯಿಂದ ತಂದ ಸೀರೆಗಳನ್ನು ಜೋಡಿಸಿ ಅಂಗಡಿಯಂತೆ ಮಾಡಿದ. ನೀಲವ್ವ ತನ್ನ ವಾರದ ರಜೆಯಂದು ಬಂದಳು. ಅವನು ಕುರ್ಚಿ ಎಳೆದುಕೊಂಡು ಕ್ಯಾಮೆರಾದ ಹಿಂದೆ ಕೂತ. ಒಮ್ಮೆ ಬೆಳಕು ಸರಿಬರಲಿಲ್ಲ. ಒಮ್ಮೆ ಹೊರಗೆ ಆಟೋದವನು ಹಾರ್ನ್ ಹೊಡೆದ. ಒಮ್ಮೆ ಅವಳೇ ತಪ್ಪಿ ಕ್ಯಾಮೆರಾ ಕಡೆ ನೋಡಿಬಿಟ್ಟಳು. ಪ್ರತಿ ಸಲವೂ ಅವನು, ಇನ್ನೊಂದೇ ಸಲ ಎಂದ. ಮಧ್ಯಾಹ್ನ ದಾಟಿತು. ಕೊನೆಗೆ ನೀಲವ್ವ ಸೀರೆ ಮಡಚುವುದನ್ನು ನಿಲ್ಲಿಸಿ, ತಲೆಯೆತ್ತದೆ ಕೇಳಿದಳು:

"ಒಂಚೂರು ಕುಂದ್ರಲೇನ್ರಿ?"

ಕ್ಯಾಮೆರಾ ಓಡುತ್ತಿತ್ತು. ಇಂಥ ಮಾತನ್ನು ಬರೆದುಕೊಟ್ಟು ಹೇಳಿಸಿದರೂ ಹೀಗೆ ಬರುತ್ತಿರಲಿಲ್ಲ ಎಂದು ಅವನಿಗೆ ಹಿಗ್ಗಾಯಿತು. ಚಿತ್ರವನ್ನು ಆ ಮಾತಿಗೇ ಮುಗಿಸಿದ.

ಸ್ಪರ್ಧೆಯ ದಿನ ಚಿತ್ರ ನೋಡಿದವರಲ್ಲಿ ಹಲವರು ಕಣ್ಣೊರೆಸಿಕೊಂಡರು. ತೀರ್ಪುಗಾರರೊಬ್ಬರು ವಿದ್ಯಾರ್ಥಿಯನ್ನು ವೇದಿಕೆಗೆ ಕರೆಸಿ, "ಕೂರುವುದಕ್ಕೂ ಅಪ್ಪಣೆ ಬೇಡಬೇಕೇ? ಎಂಥ ಮಾಲೀಕನಪ್ಪಾ ಅವನು!" ಎಂದರು.

ಅದುವರೆಗೆ ಅವನಿಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತು. ಹೌದೆಂದು ತಲೆಯಾಡಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಲ್ಲಿ ಮಾಲೀಕರು ಇರಲಿಲ್ಲ ಸರ್" ಎಂದ. "ನೀಲವ್ವ ಕೇಳಿದ್ದು ನನ್ನನ್ನು."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ನಿಜ ಹೇಳಿದ್ದಕ್ಕೆ ಅವನಿಗೆ ಬಹುಮಾನ ಬಂತೇ, ತಪ್ಪಿತೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಬಹುಮಾನ ಬಂತು, ಆದರೆ ನೀಲವ್ವ ಕೂತಳೇ ಎಂದು ನೀನೂ ಕೇಳಲಿಲ್ಲ."