ಗುಡ್ಡದ ಮೇಲೆ ಉಳಿದ ಸೀಲು

ಎಲೆಕ್ಟ್ರಿಕ್ ಕಾರಿನ ಕಂಪನಿ ತೆರೆದ ಚಿರಂತನ್ ಸಾಹೇಬರಿಗೆ ಸರ್ಕಾರದ ಸಾಲ ಅವತ್ತೇ ಬೇಕಿತ್ತು. ಕಾರು ಪರೀಕ್ಷಿಸಲು ಬಂದ ಸಾಲದ ಕಚೇರಿಯ ಗುಮಾಸ್ತನನ್ನು ಗುಡ್ಡದ ತುದಿಯಲ್ಲಿ ಕಾರಿಗೆ ಹತ್ತಿಸಿ, ಇಳಿಜಾರಿನಲ್ಲಿ ಜುಮ್ಮನೆ ಕೆಳಗಿಳಿಸಿದರು.

"ನೋಡಿದೆಯೇನಯ್ಯಾ? ಚೂರೂ ಸದ್ದಿಲ್ಲ! ಒತ್ತು ಸೀಲು. ಮಂತ್ರಿಗಳು ನಮ್ಮವರು, ಗೊತ್ತಲ್ಲ?"

ಗುಮಾಸ್ತನಿಗೆ ಗೊತ್ತಿತ್ತು. ಸದ್ದು ಮಾಡಲು ಬಾನೆಟ್ಟಿನೊಳಗೆ ಏನಾದರೂ ಇರಬೇಕಲ್ಲ, ಅದೂ ಗೊತ್ತಿತ್ತು. ಜೇಬು ತಡವಿಕೊಂಡ.

"ಅಯ್ಯೋ ಸಾರ್, ಸೀಲು ಗುಡ್ಡದ ಮೇಲೇ ಮರೆತು ಬಂದೆ. ನಿಮ್ಮ ಕಾರಲ್ಲೇ ಹೋಗಿ ತಂದುಬಿಡೋಣ, ನಡೀರಿ."

ಸಾಹೇಬರು ಇಂಗು ತಿಂದ ಮಂಗನಂತಾದರು. "ಕಾರು ಸ್ವಲ್ಪ ದಣಿದಿದೆ. ನಮ್ಮ ಡ್ರೈವರ್ ಬೈಕಲ್ಲಿ ಹೋಗಿ ತರ್ತಾನೆ ಬಿಡಿ."

ಪೆಟ್ರೋಲ್ ಬೈಕು ಗುಡುಗುಡು ಎನ್ನುತ್ತ ಗುಡ್ಡ ಹತ್ತಿತು. ಅದನ್ನೇ ನೋಡುತ್ತ ಗುಮಾಸ್ತ ವಿನಯದಿಂದ ಕೇಳಿದ:

"ಹಾಗಾದ್ರೆ ಸಾರ್, ಸಾಲ ಆ ಬೈಕಿಗೇ ಕೊಡೋಣವಾ?"